ಎರಡನೆಯ ತೊಟ್ಟಿಲ ಹರಕೆ

ಕೋಲಾರವೆಂದೊಡನೆ ಹೊರಗಿನವರಿಗೆ ನೆನಪಾಗುವುದು ಚಿನ್ನ. ಗಣಿಗಳು 2001ರಲ್ಲಿಯೇ ಮುಚ್ಚಿದವು. ಆದರೂ ಆ ಹೆಸರಿನ ಹೊಳಪು ಮಾಸಿಲ್ಲ. ಜಿಲ್ಲೆಯ ಹಳ್ಳಿಗಳ ಹಿರಿಯರನ್ನು ಕೇಳಿದರೆ ಮಾತ್ರ ಬೇರೊಂದು ಉತ್ತರ ದೊರೆಯುತ್ತದೆ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಈ ಸೀಮೆ ಅವರ ಪಾಲಿಗೆ ಕೆರೆಗಳ ನಾಡು, ಮಾವಿನ ನಾಡು, ಹರಕೆಗಳ ನಾಡು. ಮಳೆಗಾಗಿ ಹರಕೆ, ಬೆಳೆಗಾಗಿ ಹರಕೆ, ಎಲ್ಲಕ್ಕಿಂತ ಮಿಗಿಲಾಗಿ ಮಕ್ಕಳಿಗಾಗಿ ಹರಕೆ. ಊರ ಮುಂದಿನ ಅಶ್ವತ್ಥಕಟ್ಟೆಯ ಮೇಲೆ ಸಾಲುಗಟ್ಟಿ ನಿಂತ ನಾಗರಕಲ್ಲುಗಳಲ್ಲಿ ಎಷ್ಟೋ ಕಲ್ಲುಗಳು ಸಂತಾನವನ್ನು ಬೇಡಿದವರ ಕೈಯಿಂದ ಅಲ್ಲಿಗೆ ಬಂದವು.

ಹೀಗೆ ಹರಕೆ ಹೊತ್ತು ಬರುವವರೆಲ್ಲ ಮಕ್ಕಳೇ ಇಲ್ಲದವರೆಂದು ತಿಳಿಯಬಾರದು. ಅವರ ನಡುವೆ, ಏಳೆಂಟು ವರ್ಷದ ಮಗುವಿನ ಕೈಹಿಡಿದು ಪ್ರದಕ್ಷಿಣೆ ಬರುವ ತಾಯಂದಿರೂ ಉಂಟು. ಮೊದಲ ಮಗು ಯಾವ ತೊಂದರೆಯೂ ಇಲ್ಲದೆ ಹುಟ್ಟಿತು, ಎರಡನೆಯದು ಬರಲೊಲ್ಲದು. ಇಂಥವರ ದುಃಖಕ್ಕೆ ಕೇಳುವವರಿಲ್ಲ. ಮಕ್ಕಳಿಲ್ಲದವರ ಮುಂದೆ ಹೇಳಿಕೊಂಡರೆ, “ನಿನಗೆ ಒಂದಾದರೂ ಇದೆಯಲ್ಲ” ಎಂಬ ಮಾತು. ಮಕ್ಕಳೊಂದಿಗರ ಮುಂದೆ ಬಾಯಿಬಿಟ್ಟರೆ, “ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ” ಎಂಬ ಗಾದೆ. ಈ ಎರಡು ಮಾತುಗಳ ನಡುವೆ ಸಿಕ್ಕಿಬಿದ್ದ ಹೆಣ್ಣು ಸುಮ್ಮನಾಗುತ್ತಾಳೆ.

ಹಳಬರು ಇಂಥವಳಿಗೊಂದು ಹೆಸರನ್ನೂ ಇಟ್ಟಿದ್ದರು. ಹಾರೀತಸಂಹಿತೆಯೆಂಬ ಸಂಸ್ಕೃತ ವೈದ್ಯಗ್ರಂಥವು ಬಂಜೆತನವನ್ನು ಆರು ಬಗೆಯಾಗಿ ವಿಂಗಡಿಸಿ, ಅವುಗಳಲ್ಲಿ ಒಂದನ್ನು ಕಾಕವಂಧ್ಯೆ ಎಂದು ಕರೆಯುತ್ತದೆ. ಕಾಗೆಯು ಜೀವಮಾನದಲ್ಲಿ ಒಮ್ಮೆ ಮಾತ್ರ ಮರಿಮಾಡುತ್ತದೆಂಬ ನಂಬಿಕೆಯಿಂದ ಬಂದ ಹೆಸರು ಅದು. ನಂಬಿಕೆ ತಪ್ಪು. ಕಾಗೆ ವರುಷ ವರುಷವೂ ಗೂಡು ಕಟ್ಟುತ್ತದೆ, ಒಂದೊಂದು ಬಾರಿಗೆ ಮೂರು ನಾಲ್ಕು ಮೊಟ್ಟೆಯಿಡುತ್ತದೆ, ಸಾಲದುದಕ್ಕೆ ಕೋಗಿಲೆಯ ಮರಿಯನ್ನೂ ಸಾಕುತ್ತದೆ. ಕಾಗೆಯ ವಿಷಯದಲ್ಲಿ ತಪ್ಪಿದ ಮಾತು ಹೆಣ್ಣಿನ ವಿಷಯದಲ್ಲಿ ಸರಿಯಾಗಿರಬೇಕೆಂದೇನೂ ಇಲ್ಲ. ಆದರೂ ಹೆಸರು ಅಂಟಿಕೊಂಡಿತು. ಅಂಟಿಕೊಂಡದ್ದು ಹೆಣ್ಣಿಗೆ ಮಾತ್ರ. ಒಂದು ಮಗುವಿನ ತಂದೆಗೆ ಇಂಥ ಹೆಸರನ್ನು ಯಾರೂ ಇಡಲಿಲ್ಲ.

ವಾಚಕರು ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಮಾಲೂರಿನಲ್ಲಿ ಮನೆ. ಪತಿ ಹೆಂಚಿನ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕ. ಪತ್ನಿಗೆ ಮೂವತ್ತಮೂರು ವಯಸ್ಸು. ಮಗಳಿಗೆ ಏಳು ತುಂಬಿದೆ. ಶ್ರೀನಿವಾಸಪುರದಲ್ಲಿರುವ ಅತ್ತೆ, ಆವಣಿಯ ಸೀತಮ್ಮನಿಗೆ ಹರಕೆ ಹೊತ್ತಿದ್ದಾರೆ. ಮಾಘಮಾಸದ ಒಂದು ಭಾನುವಾರ ಈ ಮೂವರು ಬಾಡಿಗೆಯ ಕಾರಿನಲ್ಲಿ ಹೊರಟಿದ್ದಾರೆ. ಅವರ ದಾರಿಯನ್ನು ಹಿಡಿದು ಹೋದರೆ ಜಿಲ್ಲೆಯ ನಾಲ್ಕು ಊರುಗಳ ದರ್ಶನವಾಗುತ್ತದೆ.

ಮಾಲೂರಿನ ಬೆಂಕಿ

ಬೆಂಗಳೂರಿನಿಂದ ಜೋಲಾರಪೇಟೆಗೆ ಹೋಗುವ ರೈಲುದಾರಿ 1864ರಷ್ಟು ಹಳೆಯದು. ಆ ದಾರಿಯ ಮೇಲಿನ ಮಾಲೂರು ಹೆಸರಾದದ್ದು ಮಣ್ಣಿನಿಂದ. ಇಲ್ಲಿಯ ಮಣ್ಣು ಹೆಂಚಿಗೂ ಇಟ್ಟಿಗೆಗೂ ಹೇಳಿಮಾಡಿಸಿದಂಥದು. ಬೆಂಗಳೂರಿನ ಎಷ್ಟೋ ಮನೆಗಳ ಗೋಡೆಗಳು ಈ ತಾಲ್ಲೂಕಿನ ಗೂಡುಗಳಲ್ಲಿ ಬೆಂದು ಹೋದವು. ಕನ್ನಡದ ಸಣ್ಣಕಥೆಗೆ ತಂದೆಯ ಸ್ಥಾನದಲ್ಲಿದ್ದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮಾಸ್ತಿ ಗ್ರಾಮವೂ ಇದೇ ತಾಲ್ಲೂಕಿಗೆ ಸೇರಿದ್ದು. 1983ರ ಜ್ಞಾನಪೀಠ ಪ್ರಶಸ್ತಿಯೊಡನೆ ಆ ಹಳ್ಳಿಯ ಹೆಸರೂ ದೇಶವನ್ನೆಲ್ಲ ಸುತ್ತಿತು. ಚಿಕ್ಕತಿರುಪತಿಯ ವೆಂಕಟರಮಣನ ಸನ್ನಿಧಿಗೆ ಹೋಗುವ ಭಕ್ತರೂ ಮಾಲೂರು ತಾಲ್ಲೂಕಿಗೇ ಬರಬೇಕು.

ಊರ ಹೊರಗೆ ಗೂಡಿನ ಹೊಗೆಕೊಳವೆ ಕಂಡೊಡನೆ ಮಗಳು ಕಿಟಕಿಯಿಂದ ಕೈಚಾಚಿ ತೋರಿಸುತ್ತಾಳೆ: “ಅಪ್ಪಾ, ನಿಮ್ಮ ಬೆಂಕಿ!” ತಂದೆ ನಗುತ್ತಾನೆ. ಆ ಬೆಂಕಿಯ ಮಗ್ಗುಲಲ್ಲಿ ಅವನು ಹನ್ನೆರಡು ವರ್ಷ ದುಡಿದಿದ್ದಾನೆ. ಪತ್ನಿ ಮೂರು ವರ್ಷಗಳಿಂದ ಊರೂರ ಔಷಧಿ ಕುಡಿದಿದ್ದಾಳೆ, ಸೋಮವಾರಗಳ ಉಪವಾಸ ಮಾಡಿದ್ದಾಳೆ, ರಕ್ತಪರೀಕ್ಷೆಗೆ ತೋಳು ಚಾಚಿದ್ದಾಳೆ. ಅವನು ಇನ್ನೂ ಒಂದು ಪರೀಕ್ಷೆಗೂ ಹೋಗಿಲ್ಲ. ವೈದ್ಯರು ಬರೆದುಕೊಟ್ಟ ಚೀಟಿ ಅವನ ಅಂಗಿಯ ಜೇಬಿನಲ್ಲಿ ಮಡಿಸಿಟ್ಟ ಹಾಗೆಯೇ ಇದೆ. “ನನಗೆ ಆಗಲೇ ಮಗುವಿದೆ. ನನಗೇನು ಪರೀಕ್ಷೆ?” ಎಂಬುದು ಅವನ ವಾದ.

ಇದು ಅವನೊಬ್ಬನ ವಾದವಲ್ಲ. ವಿದ್ಯಾವಂತರ ಮನೆಗಳಲ್ಲಿಯೂ ಕೇಳಿಬರುವ ಮಾತು. ಆದರೆ ಒಮ್ಮೆ ತಂದೆಯಾದವನು ಎಂದಿಗೂ ತಂದೆಯಾಗಬಲ್ಲನೆಂಬುದು ಬರಿಯ ನಂಬಿಕೆ. ಮಗು ನಿಲ್ಲದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಪಾಲೂ ಇರುತ್ತದೆ. ಕೆಲವೆಡೆ ಅದೊಂದೇ, ಕೆಲವೆಡೆ ಹೆಣ್ಣಿನ ಕಾರಣದೊಡನೆ ಕೂಡಿ. ವೀರ್ಯಾಣುಗಳು ಬೆಳೆಯುವ ಸ್ಥಾನ ದೇಹದ ಒಳಗಿನ ಶಾಖಕ್ಕಿಂತ ಎರಡು ಮೂರು ಡಿಗ್ರಿ ತಂಪಾಗಿರಬೇಕೆಂಬುದು ಪ್ರಕೃತಿಯ ಏರ್ಪಾಡು. ಕುಲುಮೆ, ಗೂಡು, ಬಾಯ್ಲರುಗಳ ಮುಂದೆ ವರ್ಷಗಟ್ಟಲೆ ನಿಂತವರಲ್ಲಿ ಈ ಏರ್ಪಾಡು ಕೆಡುವುದುಂಟು. ಹೊಗೆಸೊಪ್ಪು, ಮದ್ಯ, ಮಧುಮೇಹ, ಮೈ ಬೊಜ್ಜು, ವೃಷಣದ ರಕ್ತನಾಳಗಳು ಉಬ್ಬುವ ವೆರಿಕೋಸೀಲ್ ಎಂಬ ತೊಂದರೆ, ಇವು ಸಹ ಮೊದಲ ಮಗುವಿನ ಅನಂತರ ಬಂದು ಸೇರಬಹುದು.

ಸಮಾಧಾನದ ಮಾತೂ ಉಂಟು. ವೀರ್ಯಪರೀಕ್ಷೆ ನೋವಿಲ್ಲದ್ದು, ಹೆಣ್ಣಿನ ಪರೀಕ್ಷೆಗಳಿಗೆ ಹೋಲಿಸಿದರೆ ಖರ್ಚೂ ಕಡಿಮೆ. ವೀರ್ಯಾಣುಗಳು ಹೊಸದಾಗಿ ಬೆಳೆದುಬರಲು ಸುಮಾರು ಎರಡೂವರೆ ತಿಂಗಳು ಹಿಡಿಯುತ್ತದೆ. ಆದ್ದರಿಂದ ಇಂದು ಬಿಟ್ಟ ದುಶ್ಚಟದ ಫಲ ಮೂರು ತಿಂಗಳ ಹೊತ್ತಿಗೆ ಕಾಣತೊಡಗುತ್ತದೆ. ಮೊದಲು ಮಾಡಬೇಕಾದ ಸುಲಭದ ಕೆಲಸವನ್ನು ಕೊನೆಗೆ ಇಟ್ಟುಕೊಂಡು, ಕಷ್ಟದ ಕೆಲಸಗಳನ್ನೆಲ್ಲ ಹೆಂಡತಿಯ ಮೈಮೇಲೆ ಮೊದಲು ಮಾಡಿಸುವುದು ನಮ್ಮ ಮನೆಗಳ ವಿಚಿತ್ರ ಕ್ರಮ.

ಕೋಲಾರಮ್ಮನ ಊರು

ಮಾಲೂರಿನಿಂದ ಕೋಲಾರಕ್ಕೆ ಬರುವಾಗ ದೂರದಿಂದಲೇ ಶತಶೃಂಗ ಪರ್ವತದ ಸಾಲು ಕಾಣುತ್ತದೆ. ಊರಿನ ಹಳೆಯ ಹೆಸರು ಕುವಲಾಲ. ಗಂಗರ ಮೊದಲ ರಾಜಧಾನಿಯೆಂಬ ಕೀರ್ತಿ ಇದರದು. ಚೋಳರ ಕಾಲದ ಶಾಸನಗಳನ್ನು ಹೊತ್ತು ನಿಂತಿರುವ ಕೋಲಾರಮ್ಮನ ಗುಡಿ ಇಲ್ಲಿಯ ಮುಖ್ಯ ಕ್ಷೇತ್ರ. ಅದೇ ಗುಡಿಯಲ್ಲಿ ಚೇಳಮ್ಮನ ಸನ್ನಿಧಿಯೂ ಉಂಟು. ಆಕೆಗೆ ನಡೆದುಕೊಂಡರೆ ಚೇಳು ಕಚ್ಚದೆಂಬುದು ಜನರ ನಂಬಿಕೆ. ವಿಜಯನಗರದ ಶೈಲಿಯ ಸೋಮೇಶ್ವರ ದೇವಾಲಯದ ಕಂಬಗಳನ್ನು ನೋಡಲು ಅರ್ಧ ದಿನ ಬೇಕು. ಹೈದರಾಲಿಯ ತಂದೆಯ ಸಮಾಧಿಯೂ ಈ ಊರಿನಲ್ಲಿಯೇ ಇದೆ.

ಊರಿಗೆ ಮೂರು ನಾಲ್ಕು ಕಿಲೋಮೀಟರು ದೂರದ ಬೆಟ್ಟದ ಮೇಲೆ ಅಂತರಗಂಗೆ. ಮೆಟ್ಟಿಲೇರಿ ಹೋದರೆ ಕಾಶಿವಿಶ್ವೇಶ್ವರನ ಗುಡಿ, ಅದರ ಮುಂದೆ ಕಲ್ಲಿನ ಬಸವ, ಬಸವನ ಬಾಯಿಂದ ಸುರಿಯುವ ನೀರು. ಸುತ್ತಲ ಸೀಮೆಯ ಕೆರೆಗಳು ಬತ್ತಿದ ವರ್ಷಗಳಲ್ಲಿಯೂ ಈ ಧಾರೆಯನ್ನು ಕಂಡು ಜನ ಕೈಮುಗಿದರು. ನೀರು ಕಾಣುವುದು ಬಸವನ ಬಾಯಲ್ಲಿ. ಅದು ಬರುವ ದಾರಿ ಬಂಡೆಗಳ ಒಳಗೆ. ಧಾರೆ ಸಣ್ಣದಾದರೆ ಬಸವನನ್ನು ಬೈದು ಫಲವಿಲ್ಲ, ಒಳದಾರಿಯನ್ನು ಹುಡುಕಬೇಕು.

ಹೆಣ್ಣಿನ ದೇಹದಲ್ಲಿಯೂ ಒಳದಾರಿಗಳುಂಟು. ಅಂಡಾಶಯದಿಂದ ಗರ್ಭಕೋಶದ ಕಡೆಗೆ ಬರುವ ಗರ್ಭನಾಳಗಳು ಬಲು ಸೂಕ್ಷ್ಮ. ಹೆರಿಗೆಯ ಅಥವಾ ಗರ್ಭಪಾತದ ಅನಂತರ ನಂಜು ತಗುಲಿದರೆ ಅವು ಮುಚ್ಚಿಹೋಗಬಹುದು. ನಮ್ಮ ದೇಶದಲ್ಲಿ ಕ್ಷಯರೋಗವು ಶ್ವಾಸಕೋಶದಲ್ಲಿ ಮಾತ್ರವಲ್ಲದೆ ಗರ್ಭನಾಳದಲ್ಲಿಯೂ ಸದ್ದಿಲ್ಲದೆ ಮನೆಮಾಡುವುದುಂಟು. ಗರ್ಭಕೋಶವನ್ನು ಒಳಗಿನಿಂದ ಕೆರೆದು ಶುಚಿಮಾಡಿದ ಮೇಲೆ ಒಳಪದರಗಳು ಒಂದಕ್ಕೊಂದು ಅಂಟಿಕೊಳ್ಳುವುದು ಮತ್ತೊಂದು ಕಾರಣ. ಥೈರಾಯ್ಡ್ ಗ್ರಂಥಿಯ ಏರುಪೇರು, ಅಂಡಾಶಯದಲ್ಲಿ ನೀರುಗುಳ್ಳೆಗಳಾಗಿ ಮುಟ್ಟು ತಪ್ಪುವುದು, ಗರ್ಭಕೋಶದ ಗೆಡ್ಡೆ, ಮೊದಲ ಹೆರಿಗೆಯ ಅನಂತರ ಏರಿದ ತೂಕ, ಇವೆಲ್ಲ ಪಟ್ಟಿಯಲ್ಲಿವೆ. ಹಾಲುಣಿಸುವ ತಾಯಿಗೆ ಕೆಲವು ಕಾಲ ಗರ್ಭ ನಿಲ್ಲದಿರುವುದು ಮಾತ್ರ ರೋಗವಲ್ಲ. ಅದು ಪ್ರಕೃತಿಯೇ ಕೊಟ್ಟ ಬಿಡುವು.

ಕೋಲಾರದಲ್ಲಿ ವೈದ್ಯಕೀಯಕ್ಕೆ ಹಳೆಯ ಪರಂಪರೆಯಿದೆ. ಮೆಥಡಿಸ್ಟ್ ಮಿಷನ್ನಿನವರು ಕಟ್ಟಿದ ಇ.ಟಿ.ಸಿ.ಎಂ. ಆಸ್ಪತ್ರೆಯ ಹೆಸರನ್ನು ಸುತ್ತಲ ಹಳ್ಳಿಗಳ ಅಜ್ಜಿಯರು ಬಲ್ಲರು. ಜಿಲ್ಲಾ ಆಸ್ಪತ್ರೆಗೆ ಶ್ರೀ ನರಸಿಂಹರಾಜರ ಹೆಸರಿದೆ. ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜು ಇದೆ. ಗರ್ಭನಾಳ ತೆರೆದಿದೆಯೇ ಎಂದು ಬಣ್ಣದ ದ್ರವ ಹಾಯಿಸಿ ಎಕ್ಸ್‌ರೇಯಲ್ಲಿ ನೋಡುವುದು ಇಂದು ಅಪರೂಪದ ವಿದ್ಯೆಯಲ್ಲ. ಅಪರೂಪವಾದದ್ದು ಸಕಾಲದಲ್ಲಿ ಹೋಗುವುದು.

ವೈದ್ಯರ ಲೆಕ್ಕ ಇಷ್ಟೇ: ದಂಪತಿಗಳು ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ಪರೀಕ್ಷೆಗೆ ಹೋಗಬೇಕು. ಹೆಣ್ಣಿಗೆ ಮೂವತ್ತೈದು ದಾಟಿದ್ದರೆ ಆರು ತಿಂಗಳಿಗೇ ಹೋಗಬೇಕು. ಮೊದಲ ಮಗುವಿಲ್ಲದವರು ಈ ಗಡುವನ್ನು ಎಣಿಸುತ್ತಾರೆ. ಒಂದು ಮಗುವುಳ್ಳವರು ಎಣಿಸುವುದಿಲ್ಲ, “ಒಮ್ಮೆ ಆಗಿದೆ, ಇನ್ನೊಮ್ಮೆ ಆಗದೇ?” ಎಂದು ಮೂರು ನಾಲ್ಕು ವರ್ಷ ಕಳೆಯುತ್ತಾರೆ. ಕಳೆದುಹೋಗುವುದು ಅತ್ಯಂತ ಬೆಲೆಯುಳ್ಳ ಕಾಲ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಸೇರಿ 2012ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಮೊದಲ ಮಗುವನ್ನು ಬಯಸಿ ಪಡೆಯಲಾರದ ಹೆಂಗಸರು ಜಗತ್ತಿನಲ್ಲಿ ನೂರಕ್ಕೆ ಇಬ್ಬರಿಗಿಂತ ತುಸು ಕಡಿಮೆ. ಒಂದು ಮಗುವಾದ ಮೇಲೆ ಇನ್ನೊಂದನ್ನು ಬಯಸಿ ಪಡೆಯಲಾರದವರು ನೂರಕ್ಕೆ ಹತ್ತಕ್ಕೂ ಹೆಚ್ಚು. ಯಾರೂ ಮಾತನಾಡದ ದುಃಖವೇ ಹೆಚ್ಚು ಮನೆಗಳಲ್ಲಿದೆಯೆಂದಾಯಿತು.

ಇದಕ್ಕೆ ಚರಿತ್ರೆಯಲ್ಲಿಯೂ ಒಂದು ಕಾರಣ ಕಾಣುತ್ತದೆ. ಮೈಸೂರು ಸಂಸ್ಥಾನ 1930ರಲ್ಲಿಯೇ ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆದು ಜಗತ್ತಿಗೆ ಮೇಲ್ಪಂಕ್ತಿ ಹಾಕಿತು. 1952ರಿಂದ ದೇಶವೇ ಕುಟುಂಬಯೋಜನೆಯನ್ನು ಕೈಗೊಂಡಿತು. ಎರಡು ಸಾಕೆಂದು ಗೋಡೆಗೋಡೆಯ ಮೇಲೆ ಬರೆಯಲಾಯಿತು. ಎರಡನೆಯದು ಬಾರದಿದ್ದರೆ ಎಲ್ಲಿಗೆ ಹೋಗಬೇಕೆಂದು ಯಾವ ಗೋಡೆಯೂ ಹೇಳಲಿಲ್ಲ.

ಮಾವಿನ ತೋಪಿನಲ್ಲಿ

ಕೋಲಾರದಿಂದ ಶ್ರೀನಿವಾಸಪುರಕ್ಕೆ ಸುಮಾರು 25 ಕಿಲೋಮೀಟರು. ಪಾಪನಪಲ್ಲಿಯೆಂದಿದ್ದ ಊರಿಗೆ ದಿವಾನ್ ಪೂರ್ಣಯ್ಯನವರ ಮಗನಿಂದ ಶ್ರೀನಿವಾಸಪುರವೆಂಬ ಹೆಸರು ಬಂತೆಂದು ಹೇಳುತ್ತಾರೆ. ಇಂದು ಆ ಹೆಸರಿಗೆ ಮಾವಿನ ಪರಿಮಳ ಸೇರಿಕೊಂಡಿದೆ. ಕನ್ನಡದಲ್ಲಿ ಆರಂಭವಾದ ಮಾತು ತೆಲುಗಿನಲ್ಲಿ ಮುಗಿಯುವುದು ಈ ಗಡಿಸೀಮೆಯ ಸಹಜ ರೀತಿ. ದಾರಿಯ ಎರಡು ಪಕ್ಕಕ್ಕೂ ತೋಪುಗಳು: ಬಾದಾಮಿ, ರಸಪುರಿ, ತೋತಾಪುರಿ, ನೀಲಂ, ಮಲ್ಲಿಕಾ. ಹೊಗಳಗೆರೆಯಲ್ಲಿ ಮಾವಿಗೆಂದೇ ಅಭಿವೃದ್ಧಿ ಕೇಂದ್ರವೊಂದಿದೆ. ಮಾಘದಲ್ಲಿ ಬಂದವರಿಗೆ ಹಣ್ಣು ಸಿಗದು. ಹೂವಿನ ಘಮಲು ಮಾತ್ರ ತೋಪಿನಿಂದ ತೋಪಿಗೆ ಬೆನ್ನಟ್ಟಿ ಬರುತ್ತದೆ.

ಅತ್ತೆ ತೋಪಿನ ಮನೆಯ ಮುಂದೆ ಕಾದಿದ್ದಾರೆ. ಮೊಮ್ಮಗಳು ಓಡಿಹೋಗಿ ಅವರ ಸೆರಗು ಹಿಡಿಯುತ್ತಾಳೆ. ಕಾಫಿಯಾಗುವ ತನಕ ಎಲ್ಲರೂ ಮರಗಳ ಕೆಳಗೆ ನಡೆಯುತ್ತಾರೆ. ಒಂದು ಬಾದಾಮಿ ಮರ ಹೂವಿನಿಂದ ಮುಚ್ಚಿಹೋಗಿದೆ. ಅದರ ಪಕ್ಕದ್ದು ಬರಿಯ ಎಲೆ. “ಈ ಮರಕ್ಕೇನಾಯ್ತು ಅಜ್ಜಿ?” ಎಂದು ಹುಡುಗಿ ಕೇಳುತ್ತಾಳೆ. “ಏನೂ ಆಗಿಲ್ಲ ಕಂದಾ. ಹೋದ ವರ್ಷ ಕೊಂಬೆ ಮುರಿಯೋ ಹಾಗೆ ಕಾಯಿ ಬಿಟ್ಟಿತ್ತು. ದಣಿದಿದೆ. ಈ ವರ್ಷ ಸುಮ್ಮನಿದೆ” ಎಂದು ಅಜ್ಜಿಯ ಉತ್ತರ.

ಮಾವಿನ ಕೃಷಿಯಲ್ಲಿ ಇದು ಎಲ್ಲರೂ ಬಲ್ಲ ಸಂಗತಿ. ಬಾದಾಮಿಯಂಥ ತಳಿಗಳು ಒಂದು ವರ್ಷ ತುಂಬ ಬಿಟ್ಟರೆ ಮರುವರ್ಷ ಅಷ್ಟಾಗಿ ಬಿಡುವುದಿಲ್ಲ. ಕಾಯಿಗಳನ್ನು ಸಾಕುವುದರಲ್ಲಿ ಮರದ ಸಂಚಿತ ಸಾರವೆಲ್ಲ ತೀರುತ್ತದೆ. ಕಾಯಿಯ ಬೀಜದಿಂದ ಹೊರಡುವ ರಸಗಳು ಮುಂದಿನ ಹೂಮೊಗ್ಗನ್ನು ತಡೆಯುತ್ತವೆ. ನೀಲಂ ಮರ ಮಾತ್ರ ವರ್ಷವರ್ಷವೂ ಬಿಡುತ್ತದೆ; ಅದರ ಸಂಬಂಧ ಬೆಳೆಸಿಯೇ ಆಮ್ರಪಾಲಿಯಂಥ ಹೊಸ ತಳಿಗಳನ್ನು ಪಡೆಯಲಾಯಿತು. ಹೂ ಬಿಡದ ಮರವನ್ನು ಕಂಡು ರೈತ ಕೊಡಲಿ ತೆಗೆದುಕೊಳ್ಳುವುದಿಲ್ಲ. ಬುಡದ ಮಣ್ಣನ್ನು ನೋಡುತ್ತಾನೆ, ನೀರನ್ನು ನೋಡುತ್ತಾನೆ, ಬೂದಿರೋಗವೋ ಜಿಗಿಹುಳುವೋ ಎಂದು ಎಲೆಯನ್ನು ತಿರುವಿ ನೋಡುತ್ತಾನೆ. ತಾನೇ ನೀರುಣಿಸುವುದರಲ್ಲಿ ತಪ್ಪಿದೆನೇ ಎಂದೂ ಯೋಚಿಸುತ್ತಾನೆ.

ಹೆಣ್ಣು ಮರವಲ್ಲ, ಮಗು ಫಸಲಲ್ಲ. ಮರದ ಲೆಕ್ಕವನ್ನು ಮನುಷ್ಯರಿಗೆ ಹಚ್ಚಲಾಗದು. ಸುಮ್ಮನೆ ಒಂದು ವರ್ಷ ಕಾದರೆ ಎಲ್ಲವೂ ಸರಿಹೋದೀತೆಂದು ಹೇಳಲೂ ಆಗದು. ರೈತನ ಕೇಳುವ ರೀತಿಯನ್ನಾದರೂ ಮನೆಗಳು ಕಲಿಯಬಹುದು. ತೋಪಿನಲ್ಲಿ “ಏಕೆ?” ಎಂದು ಕೇಳುವ ಅದೇ ಹಿರಿಯರು ಮನೆಯೊಳಕ್ಕೆ ಬಂದೊಡನೆ “ಯಾರು?” ಎಂದು ಕೇಳುತ್ತಾರೆ. ಏಕೆ ಎಂದು ಕೇಳಿದರೆ ಕಾರಣ ಸಿಗುತ್ತದೆ. ಯಾರು ಎಂದು ಕೇಳಿದರೆ ಸಿಗುವುದು ತಪ್ಪಿತಸ್ಥೆ ಮಾತ್ರ. ಕಾಫಿಯ ಲೋಟ ಕೊಡುತ್ತ ಅತ್ತೆ ಸೊಸೆಗೆ, “ಈ ಸಲ ಸೀತಮ್ಮ ಕೈಬಿಡೋಲ್ಲ ಕಣಮ್ಮ, ಗಂಡುಮಗುವನ್ನೇ ಕೊಡ್ತಾಳೆ” ಎನ್ನುತ್ತಾರೆ. ಸೊಸೆ ಲೋಟವನ್ನು ನೋಡುತ್ತಾಳೆ. ಮಗಳು ಅಜ್ಜಿಯನ್ನು ನೋಡುತ್ತಾಳೆ.

ಮೂಡಲ ಬಾಗಿಲು

ಶ್ರೀನಿವಾಸಪುರದಿಂದ ಮುಳಬಾಗಿಲಿನ ಕಡೆಗೆ ತಿರುಗಿದರೆ ನೆಲದ ರೂಪವೇ ಬದಲಾಗುತ್ತದೆ. ಎಲ್ಲೆಲ್ಲಿಯೂ ಗುಂಡುಬಂಡೆಗಳ ಬೆಟ್ಟ. ಹಿಂದಿನ ಕಾಲದಲ್ಲಿ ಸೀಮೆಯ ಪೂರ್ವದ್ವಾರವಾಗಿದ್ದ ‘ಮೂಡಲ ಬಾಗಿಲು’ ಜನರ ಬಾಯಲ್ಲಿ ಮುಳಬಾಗಿಲಾಯಿತು. ಅರ್ಜುನನು ಸ್ಥಾಪಿಸಿದನೆಂದು ಹೇಳುವ ಆಂಜನೇಯ, ನರಸಿಂಹತೀರ್ಥದ ಬಳಿ ಶ್ರೀಪಾದರಾಜರ ಬೃಂದಾವನ, ಹತ್ತಿರದ ಕುರುಡುಮಲೆಯಲ್ಲಿ ಆಳೆತ್ತರವನ್ನು ಮೀರಿದ ಗಣಪತಿ, ಇವು ಯಾತ್ರಿಕರು ತಪ್ಪಿಸದ ಸ್ಥಳಗಳು. ಡಿ.ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ತುಪ್ಪದಲ್ಲಿ ಗರಿಗರಿಯಾದ ಮುಳಬಾಗಿಲು ದೋಸೆಯ ಕೀರ್ತಿಯನ್ನು ಬೆಂಗಳೂರಿನ ವಾಚಕರಿಗೆ ಹೇಳಬೇಕಾದುದಿಲ್ಲ.

ಮುಳಬಾಗಿಲಿಗೆ ಹತ್ತು ಹನ್ನೆರಡು ಕಿಲೋಮೀಟರುಗಳಾಚೆ ಆವಣಿ. ಊರೊಳಗೆ ನೊಳಂಬರ ಕಾಲದ ಗುಡಿಗಳ ಗುಂಪು: ರಾಮೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ. ಹತ್ತನೆಯ ಶತಮಾನದ ಶಿಲ್ಪಿಗಳು ಅಣ್ಣತಮ್ಮಂದಿರನ್ನು ಒಂದೇ ಅಂಗಳದಲ್ಲಿ ಕೂರಿಸಿದ್ದಾರೆ. ಶಿವರಾತ್ರಿಯ ಹೊತ್ತಿಗೆ ಇಲ್ಲಿ ದೊಡ್ಡ ಜಾತ್ರೆ, ದನಗಳ ಪರಿಷೆ. ಗುಡಿಗಳ ಹಿಂದೆ ಬೆಟ್ಟ. ಸ್ಥಳಪುರಾಣದ ಪ್ರಕಾರ ಅಲ್ಲಿಯೇ ವಾಲ್ಮೀಕಿಯ ಆಶ್ರಮವಿದ್ದದ್ದು, ಕಾಡುಪಾಲಾದ ತುಂಬು ಗರ್ಭಿಣಿ ಸೀತೆ ಆಶ್ರಯ ಪಡೆದದ್ದು, ಲವಕುಶರು ಹುಟ್ಟಿದ್ದು, ಅಶ್ವಮೇಧದ ಕುದುರೆಯನ್ನು ಕಟ್ಟಿಹಾಕಿದ್ದು. ಬಂಡೆಗಳ ನಡುವಿನ ಗವಿಯನ್ನು ಹೆರಿಗೆಯ ಸ್ಥಳವೆಂದು ತೋರಿಸುತ್ತಾರೆ. ಬೆಟ್ಟದ ಮೇಲೆ ಸೀತಾದೇವಿಗೆಂದೇ ಗುಡಿಯಿದೆ. ನಮ್ಮ ದೇಶದಲ್ಲಿ ಅಂಥವು ವಿರಳ. ಸಂತಾನ ಬೇಡುವ ಹೆಂಗಸರು ಮೆಟ್ಟಿಲು ಹತ್ತಿ ಬರುವುದು ಆಕೆಯ ಬಳಿಗೆ. ಗಂಡ ಬಿಟ್ಟ ಮೇಲೆ, ಅರಮನೆ ಬಿಟ್ಟ ಮೇಲೆ, ಕಲ್ಲಿನ ಮೇಲೆ ಮಲಗಿ ಹೆತ್ತವಳಿಗೆ ಹೆಣ್ಣಿನ ಕಷ್ಟ ತಿಳಿಯದೇ ಎಂಬುದು ಅವರ ಭರವಸೆ.

ಮೂರು ಪೀಳಿಗೆಗಳು ಮೆಟ್ಟಿಲೇರುತ್ತಿವೆ. ಅರ್ಧ ದಾರಿಯಲ್ಲಿ ಅತ್ತೆ ಉಸಿರು ಹಿಡಿಯಲು ಬಂಡೆಯ ಮೇಲೆ ಕುಳಿತು, ಮೊಮ್ಮಗಳಿಗೆ ಲವಕುಶರ ಕಥೆ ಹೇಳುತ್ತಾರೆ. ವಾಲ್ಮೀಕಿ ರಾಮಾಯಣದಲ್ಲಿ ಅವರು ಅವಳಿಗಳು. ಆದರೆ ಅಜ್ಜಿ ಹೇಳುವ ಕಥೆ ಬೇರೆ. ಸೀತೆ ಹೆತ್ತದ್ದು ಲವನೊಬ್ಬನನ್ನೇ. ಒಂದು ದಿನ ಆಕೆ ಮಗುವನ್ನು ಎತ್ತಿಕೊಂಡು ಸ್ನಾನಕ್ಕೆ ಹೋದಳು. ಮಗು ಕಾಣದೆ ಋಷಿ ಗಾಬರಿಯಾದನು. ಯಾವ ಮೃಗ ಒಯ್ಯಿತೋ, ತಾಯಿಗೆ ಏನು ಹೇಳಲೆಂದು ಕುಶವೆಂಬ ದರ್ಭೆಯ ಹುಲ್ಲಿನಿಂದ ಅಂಥದೇ ಮಗುವನ್ನು ಮಾಡಿ ಮಲಗಿಸಿದನು. ಸೀತೆ ಲವನೊಡನೆ ಹಿಂದಿರುಗಿ ನೋಡಿದರೆ ಇನ್ನೊಂದು ಮಗು! ಅವನೇ ಕುಶ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ಬರೆದ ಕಥಾಸರಿತ್ಸಾಗರದಲ್ಲಿಯೂ ಈ ಕಥೆ ಉಂಟು. ಎಲ್ಲಿಯ ಕಾಶ್ಮೀರ, ಎಲ್ಲಿಯ ಆವಣಿಯ ಬಂಡೆ!

ಹುಡುಗಿ ಬಹಳ ಹೊತ್ತು ಯೋಚಿಸಿ ಕೇಳುತ್ತಾಳೆ: “ಸೀತಮ್ಮನಿಗೆ ಲವ ಒಬ್ಬನೇ ಇದ್ದಾಗ, ಸಾಲದು ಅಂತ ಅಳ್ತಿದ್ದಳಾ ಅಜ್ಜಿ?”

ಅಜ್ಜಿಯ ಬಳಿ ಉತ್ತರವಿಲ್ಲ.

“ನಾನು ಸಾಲದಾ?”

ಎರಡನೆಯ ಮಗುವಿನ ಹರಕೆಯನ್ನು ಮೊದಲ ಮಗುವಿನ ಕಿವಿಗೆ ಬೀಳುವಂತೆ ಹೇಳುವಾಗ ದೊಡ್ಡವರಿಗೆ ಇಂಥ ಪ್ರಶ್ನೆಯ ಕಲ್ಪನೆಯಿರುವುದಿಲ್ಲ. “ತಮ್ಮ ಯಾವಾಗ ಬರ್ತಾನೆ?” ಎಂದು ನೆಂಟರು ಕೇಳಿದಾಗಲೆಲ್ಲ, ತಾಯಿ ಒಳಗೆ ಹೋಗಿ ಕಣ್ಣೊರೆಸಿಕೊಂಡಾಗಲೆಲ್ಲ, ತನ್ನಲ್ಲಿಯೇ ಏನೋ ಕೊರತೆಯಿದೆಯೆಂದು ಆ ಮಗು ಲೆಕ್ಕ ಹಾಕುತ್ತದೆ. ಅದು ಹೆಣ್ಣಾಗಿದ್ದರಂತೂ ಲೆಕ್ಕ ಬೇಗನೆ ಸಿಗುತ್ತದೆ. ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ತಿಳಿಯುವುದನ್ನು 1994ರ ಕಾನೂನು ನಿಷೇಧಿಸಿದೆ. ಕಿವಿಗೆ ಬೀಳುವ ಹರಕೆಯ ಮಾತನ್ನು ತಡೆಯುವ ಕಾನೂನಿಲ್ಲ. ಅದನ್ನು ಮನೆಯವರೇ ತಡೆಯಬೇಕು.

ಋಷಿಯ ಹುಲ್ಲಿನ ಮಗುವಿಗೆ ಈ ಕಾಲದಲ್ಲಿ ಬೇರೆ ಬೇರೆ ರೂಪಗಳುಂಟು. ಪ್ರನಾಳದಲ್ಲಿ ಗರ್ಭ ಕಟ್ಟಿಸುವ ವಿದ್ಯೆಯಿಂದ 1978ರ ಜುಲೈಯಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಮಗು ಹುಟ್ಟಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಲ್ಕತ್ತೆಯ ಡಾಕ್ಟರ್ ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಭಾರತದಲ್ಲಿಯೂ ಒಂದು ಹೆಣ್ಣುಮಗು ಹುಟ್ಟಿತು. ಇಂಥ ಚಿಕಿತ್ಸಾಲಯಗಳು ನೋಂದಣಿ ಪಡೆದೇ ನಡೆಯಬೇಕೆಂದು 2021ರ ಕಾನೂನು ವಿಧಿಸಿದೆ; ಹೆಣ್ಣಿಗೆ ಐವತ್ತು, ಗಂಡಿಗೆ ಐವತ್ತೈದು ವರ್ಷದ ಮಿತಿಯನ್ನೂ ಇಟ್ಟಿದೆ. ಬಾಡಿಗೆ ತಾಯ್ತನದ ದಾರಿ ಮಾತ್ರ, ಆರೋಗ್ಯವಾಗಿ ಬದುಕಿರುವ ಮಗುವೊಂದಿರುವ ದಂಪತಿಗಳಿಗೆ ಅದೇ ವರ್ಷದ ಇನ್ನೊಂದು ಕಾನೂನಿನಿಂದ ಮುಚ್ಚಿದೆ. ದತ್ತು ಸ್ವೀಕಾರದ ಬಾಗಿಲು ತೆರೆದಿದೆ. ಒಂದು ಮಗುವುಳ್ಳವರೂ ಸರ್ಕಾರದ ಪಟ್ಟಿಯಲ್ಲಿ ಹೆಸರು ಬರೆಸಿ ಸರದಿಯಲ್ಲಿ ಕಾಯಬಹುದು. ಹೆತ್ತದ್ದು ಲವ, ಬಂದದ್ದು ಕುಶ. ಸೀತೆ ಇಬ್ಬರನ್ನೂ ಒಂದೇ ಮಡಿಲಲ್ಲಿ ಬೆಳೆಸಿದಳೆಂಬುದು ಆ ಕಥೆಯ ತಾತ್ಪರ್ಯ. ಈ ದಾರಿಗಳಲ್ಲಿ ಯಾವುದನ್ನೂ ಹಿಡಿಯದೆ, ಇರುವ ಒಂದು ಮಗುವಿನಲ್ಲಿಯೇ ಸಂಸಾರ ತುಂಬಿತೆಂದುಕೊಳ್ಳುವುದೂ ಸೋಲಲ್ಲ. ಅದನ್ನು ನಿರ್ಧರಿಸಬೇಕಾದವರು ದಂಪತಿಗಳಿಬ್ಬರು, ನೆಂಟರಲ್ಲ, ಗಾದೆಗಳಲ್ಲ.

ಗುಡಿಯ ಬಾಗಿಲಲ್ಲಿ ಅರ್ಚಕರು ಆರತಿಯ ತಟ್ಟೆ ಹಿಡಿದಿದ್ದಾರೆ. ಅತ್ತೆ ಸೊಸೆಯ ಮಡಿಲಿಗೆ ಹಾಕಿಸಬೇಕೆಂದು ತಂದಿದ್ದ ತೆಂಗಿನಕಾಯಿ, ಬಾಳೆಹಣ್ಣುಗಳನ್ನು ಕೈಯಲ್ಲಿ ಹಿಡಿದು ಒಂದು ಗಳಿಗೆ ತಡೆಯುತ್ತಾರೆ. ಆಮೇಲೆ ಮೊಮ್ಮಗಳನ್ನು ಮುಂದಕ್ಕೆ ಕರೆದು, “ಮೊದಲು ನೀನು ಮಂಗಳಾರತಿ ತೊಗೋ ಕಂದಾ” ಎನ್ನುತ್ತಾರೆ. ಅವರು ಹರಕೆಯನ್ನು ಹಿಂದಕ್ಕೆ ಪಡೆದರೆಂದು ಅರ್ಥವಲ್ಲ. ಮೊದಲಿನ ಸ್ಥಾನ ಯಾರದೆಂದು ನೆನಪಾಯಿತು, ಅಷ್ಟೆ.

ಇಳಿಯುವಾಗ ಬಿಸಿಲು ಬಾಗಿದೆ. ಕೆಳಗೆ ಕೆರೆಯ ನೀರು, ಅಣ್ಣತಮ್ಮಂದಿರ ಗುಡಿಗಳ ಗೋಪುರ, ಅದರಾಚೆ ಮುಳಬಾಗಿಲಿನ ಬಂಡೆಗಳು. ಅಜ್ಜಿ, ಮೊಮ್ಮಗಳು ಕೈಹಿಡಿದು ಮುಂದೆ ನಡೆಯುತ್ತಾರೆ. ಹಿಂದೆ ಉಳಿದ ಪತಿ, ಅಂಗಿಯ ಜೇಬಿನ ಚೀಟಿಯನ್ನು ತೆಗೆದು ಮಡಿಕೆ ಬಿಡಿಸುತ್ತಾನೆ.

“ನಾಳೆ ಕೋಲಾರದಲ್ಲೇ ಇಳಿದುಕೊಂಡು, ಈ ಪರೀಕ್ಷೆ ಮುಗಿಸಿಕೊಂಡೇ ಊರಿಗೆ ಹೋಗೋಣ” ಎನ್ನುತ್ತಾನೆ.

“ಯಾರ ಪರೀಕ್ಷೆ ರೀ?”

“ನನ್ನದು.”

ಆಕೆ ಏನನ್ನೂ ಹೇಳುವುದಿಲ್ಲ. ಮೆಟ್ಟಿಲು ಕಡಿದಾಗಿದ್ದುದರಿಂದ ಅವನ ತೋಳನ್ನು ಹಿಡಿದುಕೊಳ್ಳುತ್ತಾಳೆ. ಹರಕೆ ಫಲಿಸಿತೋ ಇಲ್ಲವೋ ಎಂಬುದನ್ನು ಕಾಲ ಹೇಳಬೇಕು. ಮೂರು ವರ್ಷ ಒಬ್ಬಳೇ ಹೊತ್ತ ಭಾರಕ್ಕೆ ಇನ್ನೊಂದು ಹೆಗಲು ಸಿಕ್ಕಿದ್ದು ಆವಣಿಯ ಬೆಟ್ಟದಲ್ಲಿ, ಆ ಸಂಜೆ.